ಹಯಾಮಿ ಮೇಷ್ಟ್ರ ಭಾನುವಾರ

"ಹೆಸರಿಗೆ ಹಯ, ನಡಿಗೆಗೆ ಕತ್ತೆ" ಎಂದು ಭಾಮೈದ ಹೇಳಿದ ಕೂಡಲೇ ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. ತಮ್ಮ ಹಯಾಮಿ ಕಾರನ್ನು ಕತ್ತೆ ಎಂದವರಲ್ಲಿ ಇವನು ಮೊದಲಿಗನಲ್ಲ. ಅಲ್ಲದೆ ಕತ್ತೆ ಎನ್ನುವುದನ್ನು ಅವರು ಬೈಗುಳವೆಂದು ತಿಳಿದವರೂ ಅಲ್ಲ. ಹೊರೆ ಹೊತ್ತು, ಒದೆ ತಿಂದು, ಮರುದಿನ ಮತ್ತೆ ಬಾಗಿಲ ಮುಂದೆ ಬಂದು ನಿಲ್ಲುವ ಪ್ರಾಣಿ ಅದು. ಅವರಿಗೆ ಮೈ ಉರಿದದ್ದು ಮುಂದಿನ ಮಾತಿಗೆ.

"ಇಪ್ಪತ್ತು ವರ್ಷ ದಾಟಿದ ಗಾಡೀಲಿ ಇನ್ಮೇಲೆ ಯಾರೂ ಡ್ರೈವಿಂಗ್ ಕಲಿಸಬಾರದು ಅಂತ ಸಂಘದ ಕಡೆಯಿಂದ ಸಾರಿಗೆ ಕಚೇರಿಗೆ ಹೇಳೋಣ. ಅಂಥವನ್ನ ಗುಜರಿಗೆ ಹಾಕೋದೇ ಅದಕ್ಕೆ ಮರ್ಯಾದೆ. ಭಾವನ ಮೇಲೆ ನನಗೆ ಸಿಟ್ಟೇನಿಲ್ಲ. ರಸ್ತೆ ಮೇಲೆ ಓಡಾಡೋ ಜನರ ಜೀವದ ಪ್ರಶ್ನೆ ಇದು."

ಊರಿನ ಡ್ರೈವಿಂಗ್ ಸ್ಕೂಲುಗಳ ಸಂಘದಲ್ಲಿ ಇಪ್ಪತ್ತು ವರ್ಷ ದಾಟಿದ ಗಾಡಿ ಇದ್ದದ್ದು ಒಂದೇ. ಅದು ಹೊರಗೆ ಬೇವಿನ ಮರದ ಕೆಳಗೆ ನಿಂತಿತ್ತು. ಸುತ್ತ ಕೂತವರೆಲ್ಲ ಮೇಷ್ಟ್ರ ಮುಖ ನೋಡದೆ ಕೈ ಎತ್ತಿದರು. ಮುಂದಿನ ತಿಂಗಳು ಸಾರಿಗೆ ಅಧಿಕಾರಿಯ ಮುಂದೆ ಕಾರ್ಯದರ್ಶಿಯೇ ಹೋಗಿ ಮಾತಾಡುವುದೆಂದು ತೀರ್ಮಾನವಾಯಿತು. ಕಾರ್ಯದರ್ಶಿ ಎಂದರೆ ಭಾಮೈದ. ಹೆಂಡತಿಯ ಒಬ್ಬನೇ ತಮ್ಮ. ಇದೇ ಹಯಾಮಿಯಲ್ಲಿ ಇದೇ ಮೇಷ್ಟ್ರ ಪಕ್ಕ ಕೂತು ಕಲಿತವನು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿದಾಗ ಸ್ಟೀರಿಂಗ್ ಬಿಟ್ಟು "ಅಕ್ಕಾ" ಎಂದು ಕೂಗಿ ಅತ್ತವನು. ಈಗ ಅವನಿಗೆ ಗಾಜಿನ ಮುಂಗಟ್ಟಿನ ದೊಡ್ಡ ಸ್ಕೂಲಿದೆ, ಓಡಾಡಲು ಜರ್ಮನಿಯ ಬೆಳ್ಳಿ ಬಣ್ಣದ ಕಾರಿದೆ. ಉಂಡ ಮನೆಗೆ ಎರಡು ಬಗೆಯುವುದನ್ನು ಮೇಷ್ಟ್ರು ಯಾರಿಗೂ ಕಲಿಸಿರಲಿಲ್ಲ. ಇವನು ಅದನ್ನು ಸ್ವಂತವಾಗಿ ಕಲಿತಿದ್ದ.

ಸಭೆ ಮುಗಿಸಿ ಮೇಷ್ಟ್ರು ಹೊರಗೆ ಬಂದರು. ಬಾಗಿಲು ತೆಗೆದು ಕೂತು ಕೀಲಿ ತಿರುಗಿಸಿದರು. ಹಯಾಮಿ ಎಂದಿನಂತೆ ಒಂದೇ ತಿರುವಿಗೆ ಎದ್ದಿತು.

"ನಿನ್ನನ್ನ ಯಾರು ಗುಜರಿಗೆ ಹಾಕ್ತಾರೋ ನಾನೂ ನೋಡ್ತೀನಿ" ಎಂದರು ಮೇಷ್ಟ್ರು. ಆ ಮಾತನ್ನು ಅವರು ಸಿಟ್ಟಿನಲ್ಲಿ ಹೇಳಲಿಲ್ಲ. ಸಿಟ್ಟು ಅಷ್ಟರಲ್ಲಿ ತಣ್ಣಗಾಗಿ ಲೆಕ್ಕಾಚಾರವಾಗಿತ್ತು.

ಹಯಾಮಿಯ ಚರಿತ್ರೆ ಹೇಳದೆ ಮೇಷ್ಟ್ರು ಯಾವ ಶಿಷ್ಯನ ಕೈಗೂ ಕೀಲಿ ಕೊಟ್ಟವರಲ್ಲ. ಜಪಾನಿನ ಒಂದು ಸಣ್ಣ ಬಂದರಿನಲ್ಲಿ ಮೀನುದೋಣಿಗಳ ಪಂಪು ರಿಪೇರಿ ಮಾಡಿಕೊಂಡಿದ್ದ ಅಣ್ಣತಮ್ಮಂದಿರು ಕಟ್ಟಿದ ಕಂಪನಿ ಅದು. ಯುದ್ಧ ಮುಗಿದ ಮೇಲೆ ಸಿಕ್ಕಿದ ತಗಡಿನಲ್ಲಿ ಮೂರು ಗಾಲಿಯ ಗಾಡಿ ಮಾಡಿದರು, ಓಡಿತು. ನಾಲ್ಕನೆಯ ಗಾಲಿ ಸೇರಿಸಿದರು, ಅದೂ ಓಡಿತು. ತಮ್ಮನಿಗೆ ಚಂದದ ಹುಚ್ಚು, ಅಣ್ಣನಿಗೆ ಹಟದ ಹುಚ್ಚು, ಗೆದ್ದದ್ದು ಅಣ್ಣ. ರೊಟ್ಟಿ ಡಬ್ಬಿಯಂಥ ಆಕಾರ ಬದಲಾಗಕೂಡದು ಎಂದ, ಬದಲಾಗಲಿಲ್ಲ. ಬಾನೆಟ್ಟು ಎತ್ತಿದರೆ ಎಲ್ಲವೂ ಕೈಗೆ ಸಿಗಬೇಕು ಎಂದ, ಸಿಕ್ಕವು. ಎಡಗೈಗೆ ಗೇರಿನ ಕೆಲಸವಿದೆ, ಬಲಗೈ ಸೋಮಾರಿ, ಹಾಗಾಗಿ ಇಂಡಿಕೇಟರಿನ ಕಡ್ಡಿ ಬಲಗಡೆಯೇ ಇರಲಿ ಎಂದ. ಪರದೇಶದ ಗಿರಾಕಿಗಳು ಎಷ್ಟು ಗೋಗರೆದರೂ ಅದೂ ಅಲ್ಲೇ ಉಳಿಯಿತು. ಹೊಸ ಬಣ್ಣ ಕೊಡಿ ಎಂದವರಿಗೆ ಬಿಳಿ ಇದೆಯಲ್ಲ ಎಂದನಂತೆ. ಕೊನೆಗೆ ಕಂಪನಿ ಬೇರೆಯವರ ಪಾಲಾಗಿ ಆ ಹೆಸರೇ ಅಳಿಸಿಹೋಯಿತು. ಗಾಡಿಗಳು ಮಾತ್ರ ಅಳಿಸಿಹೋಗಲು ಒಪ್ಪಲಿಲ್ಲ.

ಊರಲ್ಲಿ ಅಂಥವು ಇನ್ನೂ ನಾಲ್ಕಾರು ಇದ್ದವು. ಭಾನುವಾರ ಬೆಳಗ್ಗೆ ಪೆಟ್ರೋಲ್ ಬಂಕಿನಲ್ಲಿ ಗಾಲಿಗೆ ಗಾಳಿ ಹಾಕಿಸುವ ನೆಪದಲ್ಲಿ ಅವುಗಳ ಒಡೆಯರು ಸೇರುತ್ತಿದ್ದರು. ಕೂಡಿದವರಿಗೆಲ್ಲ ಗಾಡಿಯನ್ನು ಬೈಯುವುದೇ ಸಂಭ್ರಮ. ದನದ ಡಾಕ್ಟರರಿಗೆ ಅದರ ಸೀಟು ಸೊಂಟ ಮುರಿಯುತ್ತಿತ್ತು. ಹೂವಿನಂಗಡಿಯವಳಿಗೆ ಅದರ ಏಸಿ ಮುದುಕ ಉಸಿರುಬಿಟ್ಟ ಹಾಗೆ ಅನಿಸುತ್ತಿತ್ತು. "ಬಾಗಿಲು ಹಾಕಿದ್ರೆ ಇಡೀ ಬೀದಿಗೆ ಗೊತ್ತಾಗುತ್ತೆ, ಗುಟ್ಟಾಗಿ ಎಲ್ಲಿಗೂ ಹೋಗೋ ಹಾಗಿಲ್ಲ" ಎಂದು ಒಬ್ಬರು ದೂರಿದರೆ, "ಈ ವಯಸ್ಸಲ್ಲಿ ಗುಟ್ಟಾಗಿ ಎಲ್ಲಿಗ್ರೀ ಹೋಗೋದು?" ಎಂದು ಅವಳು ಕೇಳುತ್ತಿದ್ದಳು. ಆದರೆ ಮಾರುತ್ತೀರಾ ಎಂದು ಹೊರಗಿನವರು ಯಾರಾದರೂ ಕೇಳಿದರೆ ಎಲ್ಲರ ಮುಖವೂ ಒಟ್ಟಿಗೆ ಬಿಗಿಯುತ್ತಿತ್ತು. ಮೇಷ್ಟ್ರು ಬೈಯುವವರ ಗುಂಪಿಗೂ ಸೇರಿದವರಲ್ಲ. ಮೂವತ್ತು ವರ್ಷಗಳಲ್ಲಿ ಬೇರೆ ಗಾಡಿಯ ಸ್ಟೀರಿಂಗ್ ಮುಟ್ಟದ ಏಕಪತ್ನೀವ್ರತ ಅವರದು. ಹೆಂಡತಿ ಅದನ್ನು ಕೇಳಿದಾಗಲೆಲ್ಲ, "ಆ ವ್ರತದಲ್ಲಿ ಪತ್ನಿ ಯಾರು ಅಂತ ನನಗೆ ಗೊತ್ತು ಬಿಡಿ" ಎನ್ನುತ್ತಿದ್ದಳು.

ಉಪಾಯ ಹೊಳೆದದ್ದು ಊಟದ ಮನೆಯಲ್ಲೇ. ಭಾಮೈದ ಪ್ರತಿ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಗುಜರಿಯ ಮಾತೆತ್ತಿದ ವಾರವೂ ಬಂದ, ಎರಡು ಸಲ ಬಡಿಸಿಕೊಂಡು ಉಂಡ. ಊಟವಾದ ಮೇಲೆ ಮುಂದಿನ ಕೋಣೆಯ ಸೋಫಾದ ಮೇಲೆ ಕಾಲು ಚಾಚಿ, ಬಾಯಿ ತೆರೆದು, ಕಿಟಕಿಯ ಗಾಜು ನಡುಗುವ ಹಾಗೆ ಗೊರಕೆ ಹೊಡೆದ. ಎದ್ದ ಮೇಲೆ ಕೇಳಿದರೆ, "ನಿದ್ದೆ ಎಲ್ಲಿ ಅಕ್ಕಾ, ಸುಮ್ಮನೆ ಕಣ್ಣು ಮುಚ್ಚಿಕೊಂಡಿದ್ದೆ" ಎಂದ. ಅದು ಅವನ ಜನ್ಮದ ಮಾತು. ಹಗಲು ನಿದ್ದೆ ಮಾಡುವವನು ಸೋಮಾರಿ ಎಂದು ಅವರಪ್ಪ ಬೈಯುತ್ತಿದ್ದುದರಿಂದ ಅವನು ಯಾವತ್ತೂ ನಿದ್ದೆಯನ್ನು ಒಪ್ಪಿಕೊಂಡವನಲ್ಲ.

ಒಪ್ಪಿಕೊಳ್ಳದಿದ್ದರೆ ಒಳ್ಳೆಯದೇ ಎಂದು ಮೇಷ್ಟ್ರಿಗೆ ಅನಿಸಿತು. ನಿದ್ದೆ ಮಾಡಿಲ್ಲ ಎಂದು ಆಣೆ ಇಡುವವನು, ತನ್ನ ಕಾರು ಆಗ ಎಲ್ಲಿತ್ತು ಎಂಬ ಪ್ರಶ್ನೆಗೆ ಏನು ಹೇಳಿಯಾನು?

ಬಾಕಿಯದೆಲ್ಲ ಒಂದೊಂದಾಗಿ ತಾನೇ ಬಂದು ಜೋಡಿಸಿಕೊಂಡಿತು. ನಾಲ್ಕು ರಸ್ತೆ ಸೇರುವ ವೃತ್ತದಲ್ಲಿ ಟ್ರಾಫಿಕ್ ಪೊಲೀಸರಿಗೆಂದು ಸಂಘ ಕೊಟ್ಟ ಫೈಬರಿನ ಹೊಸ ಚೌಕಿಯಿತ್ತು. ಅದರ ಮೇಲೆ 'ನಿಮ್ಮ ಸುರಕ್ಷತೆ ನಮ್ಮ ಹೊಣೆ' ಎಂಬ ಬರಹ, ಪಕ್ಕದಲ್ಲಿ ನಗುವ ಕಾರ್ಯದರ್ಶಿಯ ಆಳೆತ್ತರದ ಚಿತ್ರ. ಭಾನುವಾರ ಮಧ್ಯಾಹ್ನ ಪೇದೆ ಊಟಕ್ಕೆ ಮನೆಗೆ ಹೋಗುವುದರಿಂದ ಚೌಕಿ ಖಾಲಿ. ಎದುರಿನ ಕಂಬದ ಮೇಲೆ ಪೊಲೀಸರ ಕ್ಯಾಮೆರಾ. ಕಾರ್ಯದರ್ಶಿಯ ಕಾರು ಬಂದು ಕಾರ್ಯದರ್ಶಿಯ ಚಿತ್ರಕ್ಕೇ ಗುದ್ದಿ, ಚೌಕಿಯನ್ನು ಮಗುಚಿ, ನಿಲ್ಲದೆ ಓಡಿಹೋದರೆ? ಸುರಕ್ಷತೆಯ ಹೊಣೆ ಹೊತ್ತವನ ಮಾತಿಗೆ ಆಮೇಲೆ ಯಾವ ಕಚೇರಿಯಲ್ಲಿ ಬೆಲೆ? ಯಾರಿಗೂ ಗಾಯವಿಲ್ಲ, ಯಾರ ಮನೆಯೂ ಹಾಳಾಗುವುದಿಲ್ಲ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹಾವಿನ ಹಲ್ಲು ಮಾತ್ರ ಉದುರುತ್ತದೆ.

ಕ್ಯಾಮೆರಾಕ್ಕೆ ಮುಖ ಕಾಣಬಾರದು, ಆದರೆ ಭಾಮೈದ ಕಾಣಬೇಕು. ಅದಕ್ಕೂ ಅವನೇ ವ್ಯವಸ್ಥೆ ಮಾಡಿಟ್ಟಿದ್ದ. ಅವನ ಬಿಳಿ ಟೋಪಿ ಮತ್ತು ಅಗಲದ ಕಪ್ಪು ಕನ್ನಡಕವನ್ನು ಊರೇ ಬಲ್ಲದು. ಊಟಕ್ಕೆ ಬಂದಾಗ ಅವೆರಡನ್ನೂ ಕಾರಿನ ಕೀಲಿಯ ಜೊತೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಡುತ್ತಿದ್ದ. ಫೋನನ್ನು ಕಾರಿನಲ್ಲೇ ಚಾರ್ಜಿಗೆ ಬಿಟ್ಟು ಬರುತ್ತಿದ್ದ, ಏಕೆಂದರೆ ಊಟದ ಹೊತ್ತಿಗೆ ಫೋನ್ ಕಂಡರೆ ಅಕ್ಕ ಕಿತ್ತು ಬೀರುವಿಗೆ ಹಾಕಿ ಬೀಗ ಜಡಿಯುತ್ತಿದ್ದಳು. ಪೊಲೀಸರು ಫೋನು ಎಲ್ಲಿತ್ತೆಂದು ಹುಡುಕಿದರೆ ಅದೂ ಕಾರಿನ ಜೊತೆಯಲ್ಲೇ ಓಡಾಡಿರುತ್ತದೆ. ಮೇಷ್ಟ್ರಿಗೆ ತಮ್ಮ ಬುದ್ಧಿಯ ಮೇಲೆ ತಮಗೇ ಗೌರವ ಬಂತು.

ಇನ್ನು ತಾವು ಎಲ್ಲಿದ್ದರು ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಅದಕ್ಕೆ ಹಯಾಮಿ ಇತ್ತು. ಭಾನುವಾರ ಮಧ್ಯಾಹ್ನ ಮೇಷ್ಟ್ರು ಶೆಡ್ಡಿನಲ್ಲಿ ಗಾಡಿ ಚಾಲೂ ಇಟ್ಟು ಅದರ ಸೇವೆ ಮಾಡುವುದು ಮನೆಯ ಪದ್ಧತಿ. ಆ ಹೊತ್ತಿಗೆ ಹೆಂಡತಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ದೊಡ್ಡಕ್ಕನ ಜೊತೆ ಫೋನಿನಲ್ಲಿ ಮಾತಿಗಿಳಿಯುತ್ತಿದ್ದಳು. ಅಲ್ಲಿಗೆ ಶೆಡ್ಡಿನ ಸದ್ದು ಕೇಳುತ್ತದೆ, ಪಕ್ಕದ ಓಣಿ ಕಾಣುವುದಿಲ್ಲ. ಭಾಮೈದ ಕಾರು ನಿಲ್ಲಿಸುವುದು ಅದೇ ಓಣಿಯ ನೆರಳಿನಲ್ಲಿ, ಶೆಡ್ಡಿನ ಪಕ್ಕದ ಬಾಗಿಲು ತೆರೆಯುವುದೂ ಅದೇ ಓಣಿಗೆ. ಬೇರೆ ಹಳೆಯ ಗಾಡಿಗಳಾದರೆ ಅಷ್ಟು ಹೊತ್ತು ನಿಂತಲ್ಲೇ ಉರಿಯುತ್ತಾ ಆರಿಹೋಗಬಹುದು ಎಂಬ ಭಯ. ಹಯಾಮಿಯ ಬಗ್ಗೆ ಆ ಭಯವಿಲ್ಲ. ಮಾಲೀಕ ಬರುವವರೆಗೆ ಅದು ಒಂದೇ ರಾಗದಲ್ಲಿ ಹಾಡುತ್ತಾ ಕಾಯುತ್ತದೆ.

ಮುಂದಿನ ಭಾನುವಾರ ಬಿಸಿಲು ರಣಗುಡುತ್ತಿತ್ತು. ಮಳೆ ಬಿದ್ದು ತಿಂಗಳುಗಳೇ ಆಗಿ ಬೀದಿಯೆಲ್ಲ ಹಿಟ್ಟಿನಂಥ ಧೂಳು. ಭಾಮೈದ ಉಂಡ, ಚಾಚಿದ, ಕಣ್ಣು ಮುಚ್ಚಿಕೊಂಡ. ಗೊರಕೆ ಲಯಕ್ಕೆ ಬಿದ್ದ ಮೇಲೆ ಮೇಷ್ಟ್ರು ಸ್ಟ್ಯಾಂಡಿನ ಮೇಲಿದ್ದ ಮೂರು ಸಾಮಾನನ್ನೂ ಕರವಸ್ತ್ರದಲ್ಲಿ ಎತ್ತಿಕೊಂಡು ಶೆಡ್ಡಿಗೆ ಹೋದರು. ಹಯಾಮಿ ಎದ್ದಿತು. "ಬರ್ತೀನಿ, ಹಾಡ್ತಿರು" ಎಂದು ಅದರ ಬಾನೆಟ್ಟು ತಟ್ಟಿ, ಟೋಪಿ, ಕನ್ನಡಕ, ಹತ್ತಿಯ ಕೈಗವಸು ಏರಿಸಿಕೊಂಡು ಪಕ್ಕದ ಬಾಗಿಲಿನಿಂದ ಓಣಿಗೆ ಇಳಿದರು.

ಜರ್ಮನಿಯ ಗಾಡಿಯೊಳಗೆ ಅತ್ತರಿನ ಅಂಗಡಿಯ ವಾಸನೆ. ಸೀಟು ಉದ್ದಕಾಲಿನ ಭಾಮೈದನಿಗೆ ತಕ್ಕಂತೆ ಹಿಂದಕ್ಕಿತ್ತು. ಮೇಷ್ಟ್ರು ಅದನ್ನು ಮುಟ್ಟಲಿಲ್ಲ, ಕನ್ನಡಿಯನ್ನೂ ಅಲುಗಿಸಲಿಲ್ಲ. ಇಂಥ ಕೆಲಸಕ್ಕೆ ಇಳಿದ ದಡ್ಡರು ಸಿಕ್ಕಿಬೀಳುವುದು ಸೀಟು ಕನ್ನಡಿಗಳಿಂದಲೇ ಎಂದು ಅವರಿಗೆ ಗೊತ್ತಿತ್ತು. ಕಾಲು ಚಾಚಿ ಪೆಡಲಿಗೆ ಎಟುಕಿಸಿಕೊಂಡರು. ಗೇರು ಹಾಕುವ ಕೆಲಸವೇ ಇಲ್ಲ, ಮಕ್ಕಳ ಆಟಿಕೆ. ಇದನ್ನು ಓಡಿಸುವುದಕ್ಕೆ ಡ್ರೈವಿಂಗ್ ಎನ್ನುತ್ತಾನಲ್ಲ ಇವನು ಎಂದುಕೊಂಡರು.

ಓಣಿಯ ಕೊನೆಗೆ ಎಡಕ್ಕೆ, ಔಷಧಿ ಅಂಗಡಿಯ ಮೂಲೆಯಲ್ಲಿ ಬಲಕ್ಕೆ, ಅಲ್ಲಿಂದ ನೇರ ವೃತ್ತ. ಎದೆ ಡವಗುಟ್ಟುತ್ತಿತ್ತು. ಹೆದರಿಕೆಗಲ್ಲ, ಹುಮ್ಮಸ್ಸಿಗೆ. ಮೂವತ್ತು ವರ್ಷದಿಂದ ಬ್ರೇಕಿನ ಮೇಲೆ ಕಾಲಿಟ್ಟು ಬೇರೆಯವರ ತಪ್ಪು ಕಾದವರು, ಇವತ್ತು ಒಂದು ತಪ್ಪನ್ನು ಬೇಕೆಂದೇ ಮಾಡಲು ಹೊರಟಿದ್ದರು. ಮೈಕೈಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿದ್ದವು, ಕಣ್ಣು ಮಾತ್ರ ಮುಂದಿತ್ತು. ಧೂಳು ಹಿಡಿದು ಮಸುಕಾಗಿದ್ದ ಮುಂದಿನ ಗಾಜು ಕೂಡ ಔಷಧಿ ಅಂಗಡಿ ದಾಟುವಷ್ಟರಲ್ಲಿ ತಿಳಿಯಾಗಿ, ದಾರಿ ಕೈಬೀಸಿ ಕರೆದ ಹಾಗಿತ್ತು. ದೇವರೂ ನಮ್ಮ ಕಡೆಯೇ ಎಂದುಕೊಂಡರು.

ವೃತ್ತ ಬಿಕೋ ಎನ್ನುತ್ತಿತ್ತು. ಬಲಕ್ಕೆ ಬಳಸಿ ಬಂದು, ಗಾಳಿಚೀಲಗಳು ಉಬ್ಬದಷ್ಟು ಮೆಲ್ಲಗೆ, ಆದರೆ ಚೌಕಿ ಉಳಿಯದಷ್ಟು ಗಟ್ಟಿಯಾಗಿ, ಎಡ ಮೂಲೆಯಿಂದ ಒತ್ತಿದರು. ನಗುತ್ತಿದ್ದ ಕಾರ್ಯದರ್ಶಿ ನಗುತ್ತಲೇ ಹಿಂದಕ್ಕೆ ಒರಗಿ, ಕಾಲು ಮೇಲಾಗಿ ಮಗುಚಿದ. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಯಾವ ಶಿಷ್ಯನೂ ಅವರಿಗೆ ಇಷ್ಟು ಅಚ್ಚುಕಟ್ಟಾಗಿ ಗುದ್ದಿ ತೋರಿಸಿರಲಿಲ್ಲ. ಕ್ಯಾಮೆರಾದ ಕಡೆಗೆ ಬಿಳಿ ಟೋಪಿಯನ್ನು ಒಮ್ಮೆ ತಿರುಗಿಸಿ, ಬಂದ ದಾರಿಯಲ್ಲೇ ಓಣಿ ಸೇರಿದರು.

ಹಯಾಮಿ ಅದೇ ರಾಗದಲ್ಲಿ ಹಾಡುತ್ತಿತ್ತು. ಟೋಪಿ, ಕನ್ನಡಕ, ಕೀಲಿ ಸ್ಟ್ಯಾಂಡಿನ ಮೇಲೆ ಮೊದಲಿದ್ದಂತೆಯೇ ಕೂತವು. ಗೊರಕೆ ನಿಂತಿರಲಿಲ್ಲ. ಮೇಷ್ಟ್ರು ಶೆಡ್ಡಿಗೆ ಮರಳಿ ಎಣ್ಣೆ ಬಟ್ಟೆ ಹಿಡಿದು ನಿಂತಾಗ ಹಿತ್ತಿಲಿನಿಂದ ಹೆಂಡತಿಯ ದನಿ ಬಂತು. "ರೀ, ಸಾಕು ನಿಲ್ಸಿ ಅದನ್ನ. ಅಕ್ಕನ ಮಾತು ಒಂದಕ್ಷರ ಕೇಳಿಸ್ತಿಲ್ಲ."

ನಿಲ್ಲಿಸಿದರು.

ಮರುದಿನ ಬೆಳಗಾಗುವುದರೊಳಗೆ ಕ್ಯಾಮೆರಾ ಹಿಡಿದ ಚಿತ್ರ ಊರಿನ ಎಲ್ಲ ಫೋನುಗಳನ್ನೂ ಸುತ್ತಿಬಂದಿತ್ತು. ತನ್ನ ಮೂತಿಗೆ ತಾನೇ ಗುದ್ದಿಕೊಂಡ ಕಾರ್ಯದರ್ಶಿ ಎಂದು ಜನ ಬಿದ್ದು ಬಿದ್ದು ನಕ್ಕರು. ಭಾಮೈದನನ್ನು ಠಾಣೆಗೆ ಕರೆದರು, ಲೈಸೆನ್ಸ್ ತೆಗೆದಿಟ್ಟುಕೊಂಡರು. ಸಂಘ ತುರ್ತು ಸಭೆ ಸೇರಿ ಅವನನ್ನು ಕೆಳಗಿಳಿಸಿತು, ಹಳೆಯ ಗಾಡಿಗಳ ಮಾತನ್ನು ಸದ್ಯಕ್ಕೆ ಬಿಡೋಣವೆಂದಿತು. ಮೇಷ್ಟ್ರು ಆ ಸಭೆಗೆ ಹಯಾಮಿಯಲ್ಲೇ ಹೋಗಿ, ಬಾಗಿಲಿಗೆ ಅಡ್ಡವಾಗಿಯೇ ನಿಲ್ಲಿಸಿದರು.

ತನಿಖೆಗೆ ಬಂದ ಇನ್ಸ್‌ಪೆಕ್ಟರ್ ಇವರ ಹಳೆಯ ಶಿಷ್ಯೆ. ಪೇದೆಯ ಹಿಂದೆ ಜೀಪಿನಿಂದಿಳಿದು, "ನೆನಪಿದ್ದೀನಾ ಮೇಷ್ಟ್ರೇ?" ಎಂದಳು. ನೆನಪಿಲ್ಲದೆ ಏನು? ಪರೀಕ್ಷೆಗೆ ಮುಂಚೆ ಉಗುರು ಕಚ್ಚುತ್ತಿದ್ದ ಹುಡುಗಿ, ಗಾಡಿ ಹಿಂದಕ್ಕೆ ತೆಗೆಯುವುದರಲ್ಲಿ ಎತ್ತಿದ ಕೈ. ಮೇಷ್ಟ್ರು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವರಲ್ಲ ಅವರು. ಹೆಂಡತಿ ಹಯಾಮಿಯ ಸದ್ದಿಗೆ ಸಾಕ್ಷಿ ಹೇಳಿದಳು. ಭಾಮೈದನಂತೂ ಠಾಣೆಯಲ್ಲೇ ಹೇಳಿ ಬಂದಿದ್ದ. "ನಾನು ನಿದ್ದೆ ಮಾಡಿಲ್ಲ ಮೇಡಂ, ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೆ. ಭಾವ ಶೆಡ್ಡಲ್ಲೇ ಇದ್ರು, ಗಾಡಿ ಸದ್ದು ಕೇಳ್ತಾನೇ ಇತ್ತು. ನನ್ನ ಕಾರು ಹೆಂಗೆ ಹೋಯ್ತೋ ದೇವರಾಣೆ ಗೊತ್ತಿಲ್ಲ." ಮೇಷ್ಟ್ರು ಮನಸ್ಸಿನಲ್ಲೇ ಅವನ ಬೆನ್ನು ತಟ್ಟಿದರು.

ಹೆಂಡತಿಯ ಮುಖ ನೋಡುವುದು ಮಾತ್ರ ಕಷ್ಟವಾಯಿತು. ರಾತ್ರಿ ತಟ್ಟೆ ತೊಳೆಯುತ್ತಾ ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು. "ಅವನು ಸೊಕ್ಕಿನೋನು, ಒಪ್ಕೋತೀನಿ. ಆದ್ರೆ ಮಾಡಿ ಮಾಡಿಲ್ಲ ಅನ್ನೋನಲ್ಲ ರೀ. ಚಿಕ್ಕೋನಿದ್ದಾಗ ಲೋಟ ಒಡೆದ್ರೂ ತಾನೇ ಬಂದು ಹೇಳ್ತಿದ್ದ." ಅವಳನ್ನು ಅಳಿಸಿದ್ದು ತಪ್ಪು ಎಂದು ಮೇಷ್ಟ್ರಿಗೆ ಖಂಡಿತ ಗೊತ್ತಿತ್ತು. ಹಾಗೆಂದು ಪಶ್ಚಾತ್ತಾಪಪಡಲು ಮನಸ್ಸು ಒಪ್ಪಲಿಲ್ಲ. ಗುರುವಿಗೇ ತಿರುಮಂತ್ರ ಹಾಕಲು ಹೋದವನು ಅವನು, ಅದೂ ಬಾಯಿಲ್ಲದ ಗಾಡಿಯ ಮೇಲೆ. ಇನ್ನೊಮ್ಮೆ ಆ ಭಾನುವಾರ ಬಂದರೆ ಇನ್ನೊಮ್ಮೆ ಗುದ್ದುತ್ತೇನೆ ಎಂದುಕೊಂಡೇ ಮಲಗಿದರು.

ವಾರ ಕಳೆದು ಇನ್ಸ್‌ಪೆಕ್ಟರ್ ಮತ್ತೆ ಬಂದಳು. ಈ ಸಲ ಪೇದೆಯಿರಲಿಲ್ಲ, ಜೀಪನ್ನು ತಾನೇ ಓಡಿಸಿಕೊಂಡು ಬಂದಳು. ಮೇಷ್ಟ್ರು ಗೇಟಿನ ಬಳಿ ಹಯಾಮಿಯನ್ನು ಒರೆಸುತ್ತಾ ನಿಂತಿದ್ದರು. ಬಿಸಿಲು ಹಾಗೇ ಇತ್ತು, ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. ರಸ್ತೆಯಿಂದ ಗೇಟಿನ ಕಡೆಗೆ ಜೀಪು ತಿರುಗಿತು. ತಿರುಗುತ್ತಿದ್ದಂತೆ ಅದರ ಗಾಜಿನ ಮೇಲೆ ವೈಪರುಗಳು ಎರಡೂ ಎದ್ದು, ಒಣ ಧೂಳನ್ನು ಕಿರ್ರೆಂದು ಒರೆಸಿ, ಮತ್ತೆ ಮಲಗಿದವು. ಮೇಷ್ಟ್ರ ಕೈಯ ಬಟ್ಟೆ ನಿಂತಿತು.

ಅವಳು ಇಳಿದು ಬಂದು, ಹಯಾಮಿಯ ಬಾನೆಟ್ಟಿನ ಮೇಲೆ ಕೈಯಿಟ್ಟು, ಮೆಲ್ಲಗೆ ಮಾತಾಡಿದಳು. "ನೋಡಿದ್ರಾ ಮೇಷ್ಟ್ರೇ, ಇಷ್ಟು ವರ್ಷ ಆದ್ರೂ ನನ್ನ ಬಲಗೈಗೆ ಬುದ್ಧಿ ಬಂದಿಲ್ಲ. ಈ ಜೀಪಲ್ಲೂ ಆ ಜರ್ಮನಿ ಕಾರಲ್ಲೂ ಬಲಗಡೆ ಇರೋದು ವೈಪರ್ ಕಡ್ಡಿ. ಹಯಾಮೀಲಿ ಕಲಿತೋರು ಇಂಡಿಕೇಟರ್ ಹಾಕಕ್ಕೆ ಹೋಗಿ ಗಾಜು ಒರೆಸ್ತೀವಿ. ಆ ಭಾನುವಾರ ಔಷಧಿ ಅಂಗಡಿ ಕ್ಯಾಮೆರಾ, ವೃತ್ತದ ಕ್ಯಾಮೆರಾ ಎರಡನ್ನೂ ನೋಡ್ದೆ. ಮಳೆಯಿಲ್ಲ, ಹನಿಯಿಲ್ಲ, ಆದ್ರೆ ಒಂದೊಂದು ತಿರುವಲ್ಲೂ ಆ ಕಾರಿನ ವೈಪರ್ ಒಂದ್ಸಲ ಎದ್ದು ಕೂರುತ್ತೆ. ನಿಮ್ಮ ಭಾಮೈದನೂ ನಿಮ್ಮ ಹತ್ರಾನೇ ಕಲಿತೋರು, ಮೊದಲು ಅವರೇ ಅಂತ ಅನ್ಕೊಂಡೆ. ಆದ್ರೆ ಅವರು ಇಂಡಿಕೇಟರ್ ಹಾಕಿದ್ದನ್ನ ಈ ಊರಲ್ಲಿ ಕಂಡೋರೇ ಇಲ್ಲ, ಅದಕ್ಕೆ ನಾನೇ ನಾಲ್ಕು ಸಲ ದಂಡ ಹಾಕಿದ್ದೀನಿ. ಗುದ್ದಕ್ಕೆ ಹೋಗುವಾಗಲೂ ಇಂಡಿಕೇಟರ್ ಹಾಕೋ ಮನುಷ್ಯ ಈ ಊರಲ್ಲಿ ಒಬ್ಬರೇ ಇರೋದು." ಮೇಷ್ಟ್ರು ಬಟ್ಟೆಯನ್ನು ಮಡಚಿ, ಹಯಾಮಿಯ ಬಾಗಿಲನ್ನು ಇಡೀ ಬೀದಿಗೆ ಕೇಳುವ ಹಾಗೆ ಹಾಕಿ, ತಲೆ ಎತ್ತಿ ಶಿಷ್ಯೆಯನ್ನು ನೋಡಿದರು. "ಮತ್ತೆ? ಇಂಡಿಕೇಟರ್ ಹಾಕದೆ ತಿರುಗಿಸ್ಬೇಕಿತ್ತೇನಮ್ಮಾ ನಾನು?" ಎಂದರು.